ಜಾಡಿಯಲ್ಲಿದ್ದ ಹಳೇ ಪೆಟ್ರೋಲು

ಫೆಬ್ರವರಿ 2, ಭಾನುವಾರ. ಬೆಳಿಗ್ಗೆ 7

ಜಾಡಿ ನೋಡಿದೆ. ತುಂಡು ಗಟ್ಟಿ. ಬಣ್ಣ ಹಾಗೇ ಇದೆ. ಉಗುರು ಇಳಿಯುವುದಿಲ್ಲ. ಸರಿ.

ಆರು ವರ್ಷದಿಂದ ಪ್ರತಿ ಭಾನುವಾರ ಇದೇ ಸಾಲು. ನಾನು, ಹೆಂಡತಿ, ಭಾಮೈದ ಸೇರಿ ಇದೇ ಶೆಡ್ಡಿನಲ್ಲಿ ಕಟ್ಟಿದ ಪುಟ್ಟ ವಿಮಾನದ ಟ್ಯಾಂಕಿಗೆ ಬಳಸಿದ ಅದೇ ಫೈಬರ್ ಬಟ್ಟೆ, ಬಟ್ಟೆಯನ್ನು ಗಟ್ಟಿ ಮಾಡುವ ಅದೇ ರೆಸಿನ್. ಬೆರಳುದ್ದದ ತುಂಡು ಪೆಟ್ರೋಲಿನಲ್ಲಿ ಮುಳುಗಿಸಿ ಇಟ್ಟಿದ್ದೇನೆ, ನೋಡಿದ ಮೇಲೆ ಪ್ರತಿ ಸಲ ಮುಚ್ಚಳಕ್ಕೆ ಮತ್ತೆ ಮೇಣ ಹಾಕುತ್ತೇನೆ. ಇದು ಗಟ್ಟಿ ಇರುವವರೆಗೆ ಅಲ್ಲಿ ಭಾಮೈದನ ಮೊಣಕಾಲಿನ ಮುಂದಿರುವ ಟ್ಯಾಂಕೂ ಗಟ್ಟಿ. ಅವನು ಮಾತು ಬಿಟ್ಟು ಎರಡು ವರ್ಷ. ಟ್ಯಾಂಕು ಮಾತ್ರ ನನ್ನ ಕೈಯದು. ಪ್ರತಿ ಭಾನುವಾರ ಹಾರಿಸುತ್ತಾನಂತೆ. ಹಾರಿಸಲಿ.

ಶೆಡ್ಡು ಗುಡಿಸಿದೆ. ರೆಕ್ಕೆ ಗೋಡೆಗೆ ತಾಗದಿರಲಿ ಅಂತ ಕಟ್ಟಿದ್ದ ಹಳೇ ಹಾಸಿಗೆ ಇನ್ನೂ ನೇತಾಡುತ್ತಿದೆ. ವಿಮಾನ ಇಲ್ಲಿಂದ ಹೋಗಿ ಐದು ವರ್ಷ. ಬಿಚ್ಚಬೇಕು... ಬಿಚ್ಚಿ ಏನು ಮಾಡಲಿ. ಆ ಜಾಗದಲ್ಲಿ ಇಡಲು ನನ್ನ ಹತ್ತಿರ ಏನೂ ಇಲ್ಲ.

ಫೆಬ್ರವರಿ 4, ಮಂಗಳವಾರ

ಫ್ಯಾಕ್ಟರಿಯಲ್ಲಿ ನಾಲ್ಕು ಬಾತ್‌ಟಬ್ಬು ಅಚ್ಚಿನಿಂದ ಬಿಡಿಸಿದೆ. ಮೈಯೆಲ್ಲ ಫೈಬರ್ ಧೂಳು, ನವೆ. ಮಧ್ಯಾಹ್ನ ಬೈಕ್ ಮೆಕ್ಯಾನಿಕ್ ಬಂದ. ಹೋದ ವರ್ಷ ಒಂದು ಹಳೇ ಗಾಡಿಗೆ ಅಂತ ನನ್ನ ಹತ್ತಿರ ಫೈಬರ್ ಟ್ಯಾಂಕು ಮಾಡಿಸಿಕೊಂಡಿದ್ದ. ಅದನ್ನೇ ಕಂಕುಳಲ್ಲಿ ಹಿಡಿದು ತಂದಿದ್ದ.

"ಅಣ್ಣಾ, ಒಳಗೆ ಕೈ ಹಾಕಿ ನೋಡಿ."

ಹಾಕಿದೆ. ಅಂಟು. ಗೋಂದು ಸವರಿದ ಹಾಗೆ. ತಳ ಒತ್ತಿದರೆ ಒಳಗೆ ಹೋಗುತ್ತದೆ.

"ಕಾರ್ಬೊರೇಟರ್ ಪೂರ್ತಿ ಕಟ್ಕೊಂಡಿದೆ. ನಡುರಸ್ತೇಲಿ ಗಾಡಿ ನಿಂತ್ಹೋಯ್ತಂತೆ."

"ಏನು ಹಾಕ್ದೆ ಇದಕ್ಕೆ? ಥಿನ್ನರಾ?"

"ಪೆಟ್ರೋಲೇ ಅಣ್ಣಾ. ಈಗ ಬರೋ ಪೆಟ್ರೋಲೇ ಹಂಗೆ. ಎಥನಾಲ್ ಬೆರೆಸ್ತಾರಲ್ಲ, ಅದು ಈ ರೆಸಿನ್ನ ತಿನ್ನತ್ತೆ."

ಬೈದು ಕಳಿಸಿದೆ. ಮೂವತ್ತೆಂಟು ವರ್ಷ ಫೈಬರಿನಲ್ಲೇ ಕೈ ಸವೆಸಿದವನಿಗೆ ಪಾಠ ಹೇಳಲು ಬಂದ! ಟ್ಯಾಂಕು ಮಾತ್ರ ಇಲ್ಲೇ ಇಟ್ಟು ಹೋಗು ಅಂದೆ.

ಸಂಜೆ 6

ಭಾನುವಾರ ಅಲ್ಲದಿದ್ದರೂ ಜಾಡಿ ತೆಗೆದು ನೋಡಿದೆ. ಗಟ್ಟಿ. ಕಲ್ಲಿನ ಹಾಗಿದೆ. ಮೆಕ್ಯಾನಿಕ್ಕನ್ನು ಕರೆದು ತೋರಿಸಬೇಕು ಅಂದುಕೊಂಡೆ.

ಆಮೇಲೆ ಮುಚ್ಚಳದ ಮೇಲಿನ ಚೀಟಿ ಓದಿದೆ. ಹೆಂಡತಿಯ ಅಕ್ಷರ. ತುಂಡು ಹಾಕಿದ ತಾರೀಖು, ಪೆಟ್ರೋಲು ತಂದ ತಾರೀಖು. ಆರು ವರ್ಷದ ಹಿಂದಿನದು. ಆಗ ನಮ್ಮ ಬಂಕಿನಲ್ಲಿ ಎಥನಾಲ್ ಇರಲಿಲ್ಲ.

ಜಾಡಿಯ ಪೆಟ್ರೋಲನ್ನು ನಾನು ಒಂದು ಸಲವೂ ಬದಲಾಯಿಸಲಿಲ್ಲ. ಆವಿಯಾಗದಿರಲಿ ಅಂತ ಮೇಣ ಬೇರೆ ಹಾಕಿದ್ದೆ, ಬುದ್ಧಿವಂತ. ಆರು ವರ್ಷ ಹಳೇ ಪೆಟ್ರೋಲಿನಲ್ಲಿ ಪರೀಕ್ಷೆ ಮಾಡಿ ಪಾಸು ಅಂತ ಬರೆದಿದ್ದೇನೆ. ಅವನು ಹೊಸ ಪೆಟ್ರೋಲು ತುಂಬಿಸಿಕೊಂಡು ಹಾರುತ್ತಿದ್ದಾನೆ.

ಫೆಬ್ರವರಿ 5, ಬುಧವಾರ

ಬಂಕಿನಿಂದ ಪೆಟ್ರೋಲು ತಂದೆ. ಗಾಜಿನ ಕೊಳವೆಗೆ ಗುರುತಿನವರೆಗೆ ನೀರು, ಮೇಲೆ ಪೆಟ್ರೋಲು, ಚೆನ್ನಾಗಿ ಕುಲುಕಿ ಬಿಟ್ಟೆ. ತಳದ ನೀರು ಗುರುತು ದಾಟಿ ಮೇಲೇರಿತು. ಎಥನಾಲ್ ನೀರಿನ ಜೊತೆ ಸೇರಿಕೊಂಡಿದೆ. ಇದೆ. ಧಾರಾಳವಾಗಿ ಇದೆ.

ವಿಮಾನದ ಟ್ಯಾಂಕು ಮಾಡಿ ಮೂಲೆಯಲ್ಲಿ ಉಳಿದಿದ್ದ ಹಳೇ ಫೈಬರ್ ಹಾಳೆಯಿಂದ ಇನ್ನೊಂದು ತುಂಡು ಕತ್ತರಿಸಿ ಹೊಸ ಪೆಟ್ರೋಲಿಗೆ ಹಾಕಿದ್ದೇನೆ. ಬೈಕಿನದು ಬೇರೆ, ವಿಮಾನದ್ದು ಬೇರೆ. ವಿಮಾನಕ್ಕೆ ನಾಲ್ಕು ಪದರ ಹಾಕಿದ್ದೆ. ಖಚಿತ ಆಗಲಿ. ಆಮೇಲೆ ಹೇಳಿದರಾಯಿತು.

ಫೆಬ್ರವರಿ 19, ಬುಧವಾರ

ಉಗುರು ಇಳಿಯಿತು.

ಎರಡು ವಾರ ಏನೂ ಬರೆದಿಲ್ಲ. ದಿನಾ ನೋಡುತ್ತಿದ್ದೆ. ಮೊದಲು ಹೊಳಪು ಹೋಯಿತು. ಆಮೇಲೆ ಪೆಟ್ರೋಲು ಹಳದಿಗೆ ತಿರುಗಿತು. ಆಗಲೇ ಗೊತ್ತಾಗಿತ್ತು. ಆದರೂ ನಾಳೆ ನೋಡೋಣ, ನಾಳೆ ನೋಡೋಣ ಅಂದೆ. ನಡುವೆ ಎರಡು ಭಾನುವಾರ ಹೋದವು.

ಭಾಮೈದ ಟ್ಯಾಂಕು ಮಾಡುವಾಗಲೇ ಹೇಳಿದ್ದ. "ಭಾವ, ಅಲ್ಯೂಮಿನಿಯಂ ಹಾಕೋಣ, ಯಾಕೆ ರಿಸ್ಕು." ನಾನು ಏನೆಂದೆ? "ಕೈಯಲ್ಲಿ ಫೈಬರ್ ಇಟ್ಕೊಂಡು ತಗಡು ಬಡಿಯೋಕೆ ನಂಗೇನು ತಲೆ ಕೆಟ್ಟಿದ್ಯಾ?" ಅವಳು ಮಧ್ಯೆ ಕೂತು ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಎದ್ದು ಬಟ್ಟೆ ಕತ್ತರಿಸಲು ಹೋದಳು.

ಅವನಿಗೆ ಫೋನು ಮಾಡಿದೆ. ರಿಂಗಾಗಿ ನಿಂತಿತು. ಮೂರು ಸಲ.

ಫೆಬ್ರವರಿ 20, ಗುರುವಾರ

ಎತ್ತುತ್ತಿಲ್ಲ. ಮೆಸೇಜು ಟೈಪ್ ಮಾಡಿದೆ: ಟ್ಯಾಂಕಿನಲ್ಲಿ ತಪ್ಪಾಗಿದೆ. ಅಳಿಸಿದೆ. ಪೆಟ್ರೋಲಿನ ತಪ್ಪು ಅಂತ ಬರೆದೆ. ಅದನ್ನೂ ಅಳಿಸಿದೆ. ಐವತ್ತೆಂಟು ವರ್ಷದ ಗಂಡಸು, ಮೂರು ಶಬ್ದ ಕಳಿಸಲು ಇಡೀ ಸಂಜೆ.

ಎತ್ತದಿರುವುದಕ್ಕೆ ಕಾರಣ ಇದೆ. ಅವಳು ಹೋದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ ಅಂದಿದ್ದೆ: "ಅಕ್ಕ ಸಾಯೋ ಹೊತ್ತಲ್ಲೂ ನಿಂಗೆ ಹಾರಾಟಾನೇ ಹೆಚ್ಚಾಯ್ತಾ?" ಅರ್ಧ ಗಂಟೆ ತಡವಾಗಿ ಬಂದಿದ್ದ. ಅಲ್ಲಿಂದಲೇ ಮೆಟ್ಟಿಲಿಳಿದ. ಹೋದವನು ಹೋದ.

ಈ ಜಗತ್ತಿನಲ್ಲಿ ನನ್ನನ್ನು ಭಾವ ಅನ್ನುವವನು ಅವನೊಬ್ಬನೇ.

ಫೆಬ್ರವರಿ 21, ಶುಕ್ರವಾರ. ಬೆಳಿಗ್ಗೆ 6

ಕಳಿಸಿದೆ. "ಟ್ಯಾಂಕು ಮೆತ್ತಗಾಗಿದೆ. ಹಾರಬೇಡ. ತಪ್ಪು ನನ್ನದು."

ಮಧ್ಯಾಹ್ನ 3

ಮೆಸೇಜಿಗೆ ಒಂದೇ ಟಿಕ್. ತಲುಪಿಲ್ಲ. ಅಥವಾ ನನ್ನ ನಂಬರೇ ಬ್ಲಾಕ್ ಮಾಡಿದ್ದಾನೆ. ನಾಡಿದ್ದು ಭಾನುವಾರ. ಮೇಲೆ ಹೋದಾಗ ಎಂಜಿನ್ನಿಗೆ ಅಂಟು ಹೋದರೆ... ಗಾಡಿಯಾದರೆ ರಸ್ತೆ ಬದಿಗೆ ತಳ್ಳಬಹುದು.

ನಾಳೆ ಬಸ್ಸು ಹಿಡಿಯುತ್ತೇನೆ. ಕೆಲಸಕ್ಕೆ ರಜೆ ಹೇಳಿದೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಫೆಬ್ರವರಿ 23, ಭಾನುವಾರ. ಬೆಳಿಗ್ಗೆ 8

ನಿನ್ನೆಯದು ಬರೆಯಬೇಕು.

ಹನ್ನೊಂದಕ್ಕೆ ಅವನು ವಿಮಾನ ಹಾರಿಸುವ ಮೈದಾನ ಮುಟ್ಟಿದೆ. ಅವನ ಶೆಡ್ಡಿನ ಬಾಗಿಲು ತೆರೆದಿತ್ತು. ವಿಮಾನ ಒಳಗೇ ಇತ್ತು, ಅವನು ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಹೇಗಿದ್ದೀಯ ಅಂತಲೂ ಕೇಳಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದದ್ದನ್ನು ಒದರಿದೆ. ಟ್ಯಾಂಕು ಕೆಟ್ಟಿದೆ. ನಾನೇ ತಪ್ಪು ಮಾಡಿದ್ದು. ನೀನು ಹೇಳಿದ್ದೇ ಸರಿ.

ಅವನು ಎದ್ದ. ಸೀಟಿನ ಮುಂದಿನ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿ ಪಕ್ಕಕ್ಕೆ ಸರಿದು ನಿಂತ. ಒಳಗೆ ಬೆಳ್ಳನೆ ಅಲ್ಯೂಮಿನಿಯಂ.

"ಮೂರು ವರ್ಷ ಆಯ್ತು ಭಾವ, ಹಾಕಿ. ಫಿಲ್ಟರಲ್ಲಿ ಅಂಟು ಬರ್ತಿತ್ತು."

ಮೊದಲು ಬಂದದ್ದು ಸಿಟ್ಟು. ಸುಳ್ಳು ಯಾಕೆ ಬರೆಯಲಿ. ಅವನು ಬದುಕಿದ್ದಾನೆ ಅನ್ನುವ ಸಮಾಧಾನ ಅದರ ಹಿಂದಿನಿಂದ ಬಂತು.

"ಹೇಳೋಕೇನಾಗಿತ್ತು ನಿಂಗೆ ದಾಡಿ?"

"ಅಕ್ಕ ಬೇಡ ಅಂದ್ಲು. ಅವ್ರ ಕೈಕೆಲಸ ಕೆಟ್ಟಿದೆ ಅಂದ್ರೆ ತಡ್ಕೊಳಲ್ಲ, ಸುಮ್ನೆ ಬದಲಾಯಿಸ್ಬಿಡು, ನಾನು ಯಾವಾಗಾದ್ರೂ ಹೇಳ್ತೀನಿ ಅಂದ್ಲು."

"ಫೋನಾದ್ರೂ ಎತ್ಬಾರ್ದಾ?"

"ಬೈತೀರ ಅಂದ್ಕೊಂಡೆ."

ಅವನಿಗೆ ನಲವತ್ತೇಳು. ನನ್ನ ಫೋನು ಬಂದರೆ ಹೆದರುತ್ತಾನೆ. ಅವಳೂ ಹೆದರುತ್ತಿದ್ದಳು, ನನ್ನ ಮನೆಯಲ್ಲೇ, ನನ್ನ ಪಕ್ಕದಲ್ಲೇ ಕೂತು. ಒಬ್ಬ ಮನುಷ್ಯನ ಜೀವದ ವಿಷಯವನ್ನೂ ನನಗೆ ಹೇಳುವ ಹಾಗಿರಲಿಲ್ಲ. ಇಷ್ಟು ದಿನ ಎಲ್ಲರೂ ನನ್ನನ್ನು ಬಿಟ್ಟು ಹೋದರು ಅಂತ ಬರೆದುಕೊಂಡಿದ್ದೆ.

ಕೇಳಿದೆ. "ಇನ್ನೇನು ಹೇಳ್ಬೇಡ ಅಂದಿದ್ಲು?"

"ಬಿಡಿ ಭಾವ. ಈಗ್ಯಾಕೆ."

"ಹೇಳು. ಬೈಯಲ್ಲ."

ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಹೇಳಿದ. ಕಾಯಿಲೆ ಅವಳಿಗೆ ಸಾಯುವ ಎಂಟು ತಿಂಗಳು ಮೊದಲೇ ಗೊತ್ತಿತ್ತು. ನನಗೆ ಗೊತ್ತಾದದ್ದು ಕೊನೆಯ ಮೂರು ವಾರದಲ್ಲಿ. ಗೆಳತಿಯ ಮನೆಗೆ ಅಂತ ಹೋಗುತ್ತಿದ್ದ ಗುರುವಾರಗಳೆಲ್ಲ ಆಸ್ಪತ್ರೆಗೆ. ಕರೆದುಕೊಂಡು ಹೋಗುತ್ತಿದ್ದವನು ಇವನು. ಆ ಕೊನೆಯ ದಿನ ತಡವಾದದ್ದೂ ಅವಳ ರಿಪೋರ್ಟು ತರಲು ಹೋಗಿ.

ಬೈಯಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಅವನೇ ಬಿಟ್ಟ. "ಮನೆ ಮುಟ್ಟಿದ ಮೇಲೆ ಫೋನ್ ಮಾಡಿ ಭಾವ" ಅಂದ. ಮಾಡಿದೆ. ಎತ್ತಿದ. ಮುಟ್ಟಿದೆ ಅಂದೆ.

ಆ ಎಂಟು ತಿಂಗಳು ನಾನೂ ಅವಳೂ ಅವನ ವಿಮಾನದ ಎಂಜಿನ್ನಿಗೆ ಹೊಸ ಮುಚ್ಚಳ ಮಾಡುತ್ತಿದ್ದೆವು. ನಾನು ಬಟ್ಟೆ ಹಾಸುವುದು, ಅವಳು ರೆಸಿನ್ ಬಳಿಯುವುದು. ಒಂದು ಮಧ್ಯಾಹ್ನ ಅವಳ ಬಲಗೈ ಸೋತಿತು. ಬ್ರಷ್ಷು ಎರಡು ಸಲ ಜಾರಿ ಬಿತ್ತು. ರೆಸಿನ್ ಗಟ್ಟಿಯಾಗುತ್ತಿತ್ತು, ನನಗೆ ಅವಸರ. "ಆಗಲ್ಲ ಅಂದ್ರೆ ಎದ್ದು ಹೋಗು, ಕೆಲಸ ಕೆಡಿಸ್ಬೇಡ" ಅಂದೆ. ಅವಳು ಎದ್ದು ಹೋಗಲಿಲ್ಲ. ಬ್ರಷ್ಷನ್ನು ಎಡಗೈಗೆ ತೆಗೆದುಕೊಂಡು ಕೊನೆಯ ಪದರದವರೆಗೂ ಬಳಿದಳು. ಕೈಗೆ ಏನಾಯಿತು ಅಂತ ನಾನು ಕೇಳಲಿಲ್ಲ.