ಚಿಂತೆ ಮಾಡಬೇಡವೆಂದ ಡಾಕ್ಟರರ ಕುರ್ಚಿಗೆ

ಮಾನ್ಯ ಡಾಕ್ಟರ ಸಾಹೇಬರೇ,

ನಿಮ್ಮ ದವಾಖಾನೆಯ ಒಂದು ಮಾತಿನಿಂದ ನನ್ನ ಎಡಗೈ ಮುರಿದಿದೆ, ಹೊಟ್ಟೆಯ ಮೇಲೆ ಬರೆ ಬಿದ್ದಿದೆ. ಈಗ ಅದೇ ಮಾತಿನಿಂದ ಇನ್ನೊಬ್ಬಳು ಏಟು ತಿನ್ನುತ್ತಿದ್ದಾಳೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ. ನಿಮಗೊಬ್ಬರಿಗೇ ಕಳಿಸಿದರೆ ಕಾಗದ ಔಷಧಿಯ ಪುಡಿ ಕಟ್ಟಲು ಬಳಕೆಯಾದೀತೆಂದು ವಾರಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಹೆಸರು ಬರೆಯುವುದಿಲ್ಲ. ಈ ಮಾತು ಹೇಳಿದ ಪ್ರತಿಯೊಬ್ಬ ಡಾಕ್ಟರರೂ ಇದು ತಮಗೇ ಬರೆದದ್ದೆಂದು ತಿಳಿಯಲಿ.

ಯಾವ ಮಾತು ಎನ್ನುತ್ತೀರಾ? ಎಷ್ಟೋ ಹೆಂಗಸರಿಗೆ ಹೇಳಿದ್ದರಿಂದ ನಿಮಗೆ ನೆನಪಿರಲಿಕ್ಕಿಲ್ಲ. "ಚಿಂತಿ ಮಾಡೋ ಹೆಣ್ಣಿಗೆ ಬಸರು ನಿಲ್ಲೂದಿಲ್ಲ. ಮನಸ್ಸು ಸಮಾಧಾನ ಇಟ್ಕೋಬೇಕು." ಸ್ವಾತಂತ್ರ್ಯ ಬರುವುದರ ಹಿಂದಿನ ವರ್ಷ ನಿಮ್ಮ ಕುರ್ಚಿಯಲ್ಲಿದ್ದವರು ನನಗೆ ಇದನ್ನು ಹೇಳಿದರು. ಅವರು ವರ್ಗವಾಗಿ ಹೋದರು, ಅವರ ನಂತರದವರೂ ಹೋದರು, ನೀವು ಬಂದಿರಿ. ಆಗ ಮುಂಬಯಿ ಸರಕಾರವಿತ್ತು, ಈಗ ಮೈಸೂರು ಸರಕಾರ ಬಂದಿದೆ. ಮೊನ್ನೆ ನವೆಂಬರ್ ಒಂದರಂದು ಕನ್ನಡ ನಾಡೆಲ್ಲ ಒಂದಾಯಿತೆಂದು ಪೇಟೆಯಲ್ಲಿ ಪೇಢೆ ಹಂಚಿದರು, ನಾನೂ ತಿಂದೆ. ಇಷ್ಟೆಲ್ಲ ಬದಲಾದರೂ ಕುರ್ಚಿಯ ಮಾತು ಮಾತ್ರ ಹಾಗೆಯೇ ಇದೆ.

ನಾನು ಬೆಟಗೇರಿಯ ಶಾಲಾ ಮಾಸ್ತರರ ಮಗಳು, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಮುಂಡರಗಿಯ ಹತ್ತಿ ವ್ಯಾಪಾರದ ಮನೆಗೆ, ಕೊಟ್ರಪ್ಪನೆಂಬವನಿಗೆ ನನ್ನನ್ನು ಕೊಟ್ಟಿದ್ದರು. ಮದುವೆಯಾಗಿ ಕೆಲವು ವರ್ಷ ಕಳೆದರೂ ಬಸಿರಾಗಲಿಲ್ಲವೆಂದು ಅವನ ತಾಯಿ ಶಾರದವ್ವ ನನ್ನನ್ನು ದವಾಖಾನೆಗೆ ಕರೆತಂದಳು. ಡಾಕ್ಟರರು ನಾಡಿ ಹಿಡಿದರು, ನಾಲಿಗೆ ನೋಡಿದರು, ಆ ಮಾತು ಹೇಳಿದರು. ಬಾಗಿಲಲ್ಲಿ ನಿಂತಿದ್ದ ಶಾರದವ್ವನ ಕೈಗೆ ಬಡಿಗೆ ಕೊಟ್ಟಂತಾಯಿತು.

ಅಲ್ಲಿಯವರೆಗೆ ಮಕ್ಕಳಾಗಲಿಲ್ಲವೆಂದು ಬಯ್ಯುತ್ತಿದ್ದರು. ಅಂದಿನಿಂದ ಚಿಂತೆ ಮಾಡಿದ್ದಕ್ಕೆ ಬಡಿಯತೊಡಗಿದರು. ಒಮ್ಮೆ ನಮ್ಮ ಓಣಿಯಲ್ಲಿ ಕುಬಸ ನಡೆಯಿತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವಾಗ ನನ್ನನ್ನು ಹತ್ತಿರ ಬಿಡಲಿಲ್ಲ. ಮನೆಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಅಷ್ಟೆ. ಶಾರದವ್ವ ಒಲೆಯ ಬದಿಯಲ್ಲಿದ್ದ ಕಬ್ಬಿಣದ ಊದುಗೊಳವೆ ಎತ್ತಿಕೊಂಡು ನನ್ನ ಕೈ ಮೇಲೆ ಬಾರಿಸಿದಳು. "ಡಾಕ್ಟರ್ ಏನ್ ಹೇಳ್ಯಾರ? ನೀ ಹಿಂಗ ಅಳಕೋಂತ ಕುಂತರ ನನ್ನ ಮೊಮ್ಮಗನ್ನ ನೀನ ತಿಂದಂಗ ಆತು," ಎಂದಳು. ಎಲುಬು ಮುರಿಯಿತು. ಮರುದಿನ ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡೆ. ಹೇಗೆ ಮುರಿಯಿತೆಂದು ಡಾಕ್ಟರರು ಕೇಳಲಿಲ್ಲ. ಪಟ್ಟಿ ಸುತ್ತುತ್ತ, ಮನಸ್ಸು ಸಮಾಧಾನ ಇಟ್ಟುಕೊಂಡಿದ್ದೀಯಾ ಎಂದು ಕೇಳಿದರು. ಇಟ್ಟುಕೊಂಡಿದ್ದೇನೆ ಸಾಹೇಬರೇ ಎಂದೆ. ಶಾರದವ್ವ ಪಕ್ಕದಲ್ಲೇ ನಿಂತಿದ್ದಳು.

ಆಮೇಲೆ ನಗುವುದೇ ನನ್ನ ಕೆಲಸವಾಯಿತು. ರೊಟ್ಟಿ ಬಡಿಯುವಾಗ ನಗಬೇಕು, ನೀರು ತರುವಾಗ ನಗಬೇಕು. ತಿಂಗಳಿಗೊಮ್ಮೆ ನಾನು ಹೊರಗೆ ಕುಳಿತ ದಿನ ಕೊಟ್ರಪ್ಪ ಎತ್ತು ಹೊಡೆಯುವ ಬಾರಕೋಲು ಹಿಡಿದು ಬರುತ್ತಿದ್ದ. ಏಟಿಗೆ ಅತ್ತರೆ ಮತ್ತೆ ಏಟು. ಮನಸ್ಸಿನ ಸಮಾಧಾನಕ್ಕೆ ಇಂಥ ಔಷಧ ನಿಮ್ಮ ಯಾವ ಪುಸ್ತಕದಲ್ಲಿದೆ? ಕೊನೆಗೆ ಯಾರೋ, ಚಿಂತೆ ಹೊಟ್ಟೆಯೊಳಗೆ ಗೂಡು ಕಟ್ಟಿದೆ, ಸುಟ್ಟರೆ ಹೋಗುತ್ತದೆ ಎಂದರು. ಎಳ್ಳು ಅಮಾವಾಸ್ಯೆ, ನಮ್ಮ ಎಳ್ಳಮಾಸಿಯ ದಿನ ಊರವರೆಲ್ಲ ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದಾಗ ಚಕ್ಕಡಿಯ ಗಾಲಿ ಕಳಚದಂತೆ ತಡೆಯುವ ಕಬ್ಬಿಣದ ಕಡಾಣಿ ಬಿಚ್ಚಿ ಒಲೆಯಲ್ಲಿ ಕೆಂಪಗೆ ಕಾಯಿಸಿದರು. ಕೊಟ್ರಪ್ಪ ನನ್ನ ಕಾಲು ಹಿಡಿದ. ಶಾರದವ್ವ ಹೊಕ್ಕುಳ ಕೆಳಗೆ ಇಟ್ಟಳು. ಸುಟ್ಟ ವಾಸನೆ ನನ್ನದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಗಲೂ ಅವಳು, ನಗು, ನಗು ಎನ್ನುತ್ತಿದ್ದಳು.

ಅದೇ ಕಡಾಣಿಯನ್ನು ಅದೇ ಗಾಲಿಗೆ ಸಿಕ್ಕಿಸಿಕೊಂಡು ಮಾಘ ಮಾಸದಲ್ಲಿ ಶಿರಹಟ್ಟಿಗೆ ದಿಬ್ಬಣ ಹೊರಟರು. ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರಬಾರದೆಂದು ಮುಂಬಯಿ ಸರಕಾರ ಕಾನೂನು ಮಾಡಿತ್ತು. ಶಿರಹಟ್ಟಿ ಆಗಿನ್ನೂ ಸಂಸ್ಥಾನದ ಊರು. ಆಚೆ ಹೋಗಿ ತಾಳಿ ಕಟ್ಟಿದರೆ ಕಾನೂನು ಗಡಿಕಲ್ಲಿನ ಹತ್ತಿರವೇ ಕುಳಿತುಬಿಡುತ್ತದೆಂದು ಇವರು ನಂಬಿದ್ದರು. ಅದು ಎದ್ದು ಬಂದದ್ದನ್ನು ನಾನಂತೂ ನೋಡಲಿಲ್ಲ. ಹಾಗೆ ಬಂದವಳು ಗದಿಗೆವ್ವ, ಹದಿನಾರರ ಹುಡುಗಿ. ನನ್ನ ತಂದೆ ಹಿರಿಯರನ್ನು ಕೂಡಿಸಿ, ಮದುವೆ ಬಿಟ್ಟುಕೊಡುವ ಸೋಡಚೀಟಿ ಬರೆಸಿಕೊಂಡು ನನ್ನನ್ನು ಬಿಡಿಸಿಕೊಂಡು ಹೋದರು. ಬಿಟ್ಟ ಹೆಣ್ಣಿಗೆ ಸೀರೆ ಉಡಿಸಿ ಮತ್ತೆ ಸಂಸಾರಕ್ಕೆ ಕರೆದುಕೊಳ್ಳುವ ಉಡಕಿ ಪದ್ಧತಿ ನಮ್ಮಲ್ಲಿದೆ. ಆ ಬೇಸಿಗೆಯಲ್ಲಿ ಕೊರ್ಲಹಳ್ಳಿಯ ರೈತ ಅಂದಪ್ಪನವರು, ಹೆಂಡತಿಯನ್ನು ಕಳೆದುಕೊಂಡವರು, ನನ್ನನ್ನು ಉಡಕಿ ಮಾಡಿಕೊಂಡರು. ಮಳೆಗಾಲದಲ್ಲಿ ನಾನು ಬಸಿರಾದೆ.

ಈಗ ನಿಮ್ಮ ಮುಖ ಅರಳಿರಬೇಕು. ನೋಡಿ, ಹೊಸ ಮನೆಯಲ್ಲಿ ಮನಸ್ಸಿಗೆ ಸಮಾಧಾನ ಸಿಕ್ಕಿತು, ಬಸಿರು ನಿಂತಿತು ಎನ್ನುತ್ತೀರಿ. ತಡೆಯಿರಿ. ಅದು ನಲವತ್ತೆಂಟರ ಮಳೆಗಾಲ. ನಿಜಾಮನ ಸೀಮೆಯಲ್ಲಿ ರಜಾಕಾರರ ಹಾವಳಿ. ಅಲ್ಲಿಂದ ಓಡಿ ಬಂದವರು ನಮ್ಮ ಹೊಲದಲ್ಲಿ ತಂಗಿ, ಹರಿಗೋಲಿನಲ್ಲಿ ಹೊಳೆ ದಾಟಿ ಬಳ್ಳಾರಿ ಸೀಮೆಗೆ ಹೋಗುತ್ತಿದ್ದರು. ಒಡೆದ ತಲೆಗಳಿಗೆ ನಾನು ಅರಿಸಿನ ತುಂಬಿ ಕಟ್ಟಿದೆ. ಒಬ್ಬ ಮುದುಕ ನೀರು ಕೇಳಿ, ಕುಡಿಯುವ ಮೊದಲೇ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟ. ಅಂದಪ್ಪನವರು ಜನರನ್ನು ಕರೆತರಲು ಗಡಿಗೆ ಹೋದರೆ, ತಿರುಗಿ ಬರುವವರೆಗೆ ನನ್ನ ಜೀವ ಕೈಯಲ್ಲಿರುತ್ತಿತ್ತು. ಚಿಂತೆಗೆ ಅಲ್ಲಿ ಏನು ಕಡಿಮೆ? ಅಳಬೇಕೆನಿಸಿದಾಗ ಅಳುತ್ತಿದ್ದೆ, ಯಾರೂ ಬಡಿಯುತ್ತಿರಲಿಲ್ಲ. ಆ ಹೆದರಿಕೆಯಲ್ಲೇ, ಆ ಬರೆಯ ಕಲೆಯ ಕೆಳಗೇ ಹೊಟ್ಟೆ ಬೆಳೆಯಿತು. ಮಗಳು ಈಗ ಎರಡನೇ ಇಯತ್ತೆ ಓದುತ್ತಾಳೆ. ಅವಳ ಬೆನ್ನಿಗೆ ಇಬ್ಬರು ಗಂಡುಮಕ್ಕಳು.

ಹೋದ ಸಂತೆಯ ದಿನ ಮುಂಡರಗಿಯಲ್ಲಿ ಗದಿಗೆವ್ವ ಸಿಕ್ಕಳು. ಎಂಟು ವರ್ಷವಾದರೂ ಅವಳಿಗೆ ಬಸಿರಿಲ್ಲ. ಒಂದು ಕಣ್ಣು ಬಾತಿತ್ತು, ಮುಂದಿನ ಹಲ್ಲು ಹೋಗಿತ್ತು. ನನ್ನ ಕೈ ಹಿಡಿದು ಬಾಳೆಕಾಯಿ ಗಾಡಿಯ ಹಿಂದೆ ಎಳೆದುಕೊಂಡು ಹೋದಳು. ದಸರೆಯ ನಂತರ ಅವಳನ್ನು ನಿಮ್ಮಲ್ಲಿಗೆ ತಂದಿದ್ದರಂತೆ. ನೀವು ಅದೇ ಮಾತು ಹೇಳಿದಿರಂತೆ.

"ಅಕ್ಕಾ, ನೀ ಹೆಂಗ ನಗತಿದ್ದಿ? ನನಗ ಬರವೊಲ್ದು, ಹೇಳಿಕೊಡ. ನಗಲಿಲ್ಲಂದ್ರ ಈ ಎಳ್ಳಮಾಸಿಗಿ ಕಡಾಣಿ ಕಾಸ್ತಾರಂತ."

ಹೇಳುತ್ತ ತುಟಿ ಎಳೆದು ನಕ್ಕು ತೋರಿಸಿದಳು, ಸರಿ ಇದೆಯೇ ಎಂದು ಕೇಳಿದಳು. ಸಾಹೇಬರೇ, ಆಗ ನಿಮ್ಮ ದವಾಖಾನೆಯ ಗಾಜಿನ ಕಪಾಟುಗಳನ್ನೆಲ್ಲ ಕಲ್ಲು ಬೀಸಿ ಪುಡಿ ಮಾಡಬೇಕೆನಿಸಿತು. ಈಗಲೂ ಅನಿಸುತ್ತಿದೆ.

ಹೆಂಗಸರು ಇಬ್ಬರು, ಗಂಡಸು ಒಬ್ಬ. ಅವರಲ್ಲಿ ಒಬ್ಬಳು ಬೇರೆ ಮನೆಗೆ ಹೋಗಿ ಮೂರು ಹೆತ್ತಳು. ಇದನ್ನು ತಿಳಿಯಲು ಡಾಕ್ಟರಕಿ ಓದಬೇಕೇ? ಕೊಟ್ರಪ್ಪನ ನಾಡಿಯನ್ನು ಒಂದು ದಿನವಾದರೂ ಯಾರಾದರೂ ಹಿಡಿದರೇ? ದೊಡ್ಡ ಊರುಗಳಲ್ಲಿ ಗಂಡಸರನ್ನೂ ಪರೀಕ್ಷಿಸುತ್ತಾರೆಂದು ಪತ್ರಿಕೆಯಲ್ಲಿ ಓದಿದ್ದೇನೆ. ಹಾಗೆಂದರೆ ಅವನ ಮಾನ ಹೋಗುತ್ತದೆಯೇ? ಅವನ ಮಾನ ಕಾಯಲು ಇನ್ನೆಷ್ಟು ಎಲುಬು ಬೇಕು? ಮೂರನೆಯವಳನ್ನೂ ನೋಡುತ್ತಿದ್ದಾರಂತೆ. ನಾಡೆಲ್ಲ ಒಂದಾಗಿರುವಾಗ ಈಗ ಯಾವ ಗಡಿ ದಾಟುತ್ತಾರೋ ಕಾಣೆ. ಮಗು ಬೇಕೆಂದು ಹಂಬಲಿಸುವವಳು ಚಿಂತೆ ಮಾಡಿಯೇ ಮಾಡುತ್ತಾಳೆ. ನನಗೆ ಆಗ ಬೇಕಾಗಿದ್ದುದು ಅಳಲು ಒಂದು ಮೂಲೆ, ಬೆನ್ನ ಮೇಲೆ ಒಂದು ಕೈ. ನೀವು ಅಳುವುದನ್ನೇ ಅಪರಾಧ ಮಾಡಿದಿರಿ.

ಆದ್ದರಿಂದ ಕೇಳುತ್ತೇನೆ. ಶಾರದವ್ವನನ್ನು ಕರೆಸಿ, ಅದೇ ಬಾಗಿಲಲ್ಲಿ ನಿಲ್ಲಿಸಿ, ಚಿಂತೆಯಿಂದ ಅವಳ ಸೊಸೆ ಬಂಜೆಯಾಗಿಲ್ಲವೆಂದು ನಿಮ್ಮ ಬಾಯಿಂದಲೇ ಹೇಳಿ. ಕೊಟ್ರಪ್ಪನನ್ನು ಪರೀಕ್ಷಿಸಿ. ಎಳ್ಳಮಾಸಿಗೆ ಮೊದಲೇ ಗದಿಗೆವ್ವನಿಗೆ ದವಾಖಾನೆಯಲ್ಲಿ ಒಂದು ಮಂಚ ಕೊಟ್ಟು ಇಟ್ಟುಕೊಳ್ಳಿ. ನಿಮ್ಮಿಂದ ಆಗದಿದ್ದರೆ ಎಳ್ಳಮಾಸಿಯ ಬೆಳಿಗ್ಗೆ ನಾನೂ ಅಂದಪ್ಪನವರೂ ಚಕ್ಕಡಿ ಹೂಡಿಕೊಂಡು ಮುಂಡರಗಿಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇವೆ. ನಮ್ಮ ಗಾಲಿಗೂ ಕಡಾಣಿ ಇದೆ, ನನ್ನ ಬಲಗೈ ಇನ್ನೂ ಮುರಿದಿಲ್ಲ. ಅಡ್ಡ ಬಂದವರು ಆಮೇಲೆ ಪಟ್ಟಿ ಕಟ್ಟಿಸಿಕೊಳ್ಳಲು ನಿಮ್ಮಲ್ಲಿಗೇ ಬರುತ್ತಾರೆ. ಕಟ್ಟುವಾಗ ಅವರಿಗೂ ಹೇಳಿ, ಚಿಂತೆ ಮಾಡಬೇಡಿರೆಂದು.

ವಿಶ್ವಾಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಇಂತಿ,
ಚಿಂತೆ ಬಿಡದೆಯೇ ಮೂರು ಹೆತ್ತ, ನಿಮ್ಮ ದವಾಖಾನೆಯ ಹಳೆಯ ಬಂಜೆ,
ಅನ್ನಪೂರ್ಣವ್ವ
ಕೊರ್ಲಹಳ್ಳಿ, ಡಿಸೆಂಬರ್ 1956