ಆಗದ ರಿಪೇರಿಗೆ ಸಹಿ

ಅಮ್ಮಾ,

ನೀನು ಮಾರುಕಟ್ಟೆಯಿಂದ ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ. ನ್‌ಶಿಮಾ ಮುದ್ದೆ ಪಾತ್ರೆಯಲ್ಲಿದೆ, ಆರುವ ಮೊದಲೇ ತಿನ್ನು. ಬಿರುಕು ಬಿಟ್ಟ ಗೋಡೆಯ ಕಡೆ ಮಾತ್ರ ಮಲಗಬೇಡ.

ನಿನ್ನೆ ಬಂದವನು ನಗರಸಭೆಯವನಂತೆ! "ಗೋಡೆ ರಿಪೇರಿ ಆಯ್ತು ಅಂತ ಇಲ್ಲೊಂದು ಸಹಿ ಹಾಕ್ಬಿಡಿ ತಾಯಿ, ನಾಳೇನೇ ಕೆಲಸದವ್ರನ್ನ ಕಳಿಸ್ತೀನಿ" ಎಂದನಲ್ಲ, ಆಗದ ಕೆಲಸಕ್ಕೆ ಸಹಿ ಯಾಕಮ್ಮಾ? ನೀನು ಹಾಕದಿದ್ದುದೇ ಒಳ್ಳೆಯದಾಯ್ತು. ಕೆಳಗಿನ ಮನೆಯ ಮುಸೊಂಡಾ ಅಜ್ಜ ಹೋದ ವಾರ ಹಾಕಿದರು. ಕೆಲಸದವರು ಬರಲೇ ಇಲ್ಲ. ನಗರಸಭೆ ಕಚೇರಿಯಲ್ಲಿ ಕೇಳಿದರೆ, "ನಿಮ್ಮ ದೂರು ಮುಗಿದೋಯ್ತಲ್ಲ ಅಜ್ಜ" ಎಂದರಂತೆ.

ನೀನೋ ಅವನಿಗೆ ಹುರಿದ ಕಡಲೆಕಾಯಿ ಬೇರೆ ಕೊಟ್ಟೆ. ಅವನು ಮೆಲ್ಲುತ್ತಿದ್ದಾಗ ನಾನು ಅವನ ಚೀಲದೊಳಗೆ ಇಣುಕಿದೆ. ಮಾಲೀಕ ಗೋಡೆ ಸರಿಮಾಡಿಸುತ್ತಿಲ್ಲವೆಂದು ನಾನು ಕೈಯಾರೆ ಕಚೇರಿಯಲ್ಲಿ ಕೊಟ್ಟಿದ್ದ ದೂರು ಅದರಲ್ಲಿತ್ತು. ಪಕ್ಕದಲ್ಲೇ ನಮ್ಮ ಮನೆ ಮಾಲೀಕನ ಬೀಗದ ಕೈಗೊಂಚಲು! ಅವನು ಯಾರ ಕಡೆಯವನೆಂದು ಇನ್ನೂ ಹೇಳಬೇಕೆ?

ಅಜ್ಜನನ್ನೂ ಮೇಲಿನ ಮಹಡಿಯವರನ್ನೂ ಕರೆದುಕೊಂಡು ಕಚೇರಿಗೆ ಹೋಗುತ್ತಿದ್ದೇನೆ. ಆ ಕಾಗದ ಅವನ ಕೈಗೆ ಹೇಗೆ ಬಂತೆಂದು ಎಲ್ಲರೆದುರೇ ಕೇಳುತ್ತೇವೆ.

ಬಾಗಿಲು ಬಡಿದರೆ ತೆಗೆಯಬೇಡ. "ನಿಮ್ಮ ಮಗಳೇ ಸಹಿ ಹಾಕಿ ಕಳಿಸಿದ್ದಾಳೆ" ಎಂದು ಕಾಗದ ತೋರಿಸಿದರೂ ನಂಬಬೇಡ. ನನ್ನ ಅಕ್ಷರ ಅವನ ಹತ್ತಿರ ಇದೆಯಲ್ಲಮ್ಮಾ, ನೋಡಿ ಬರೆಯುವುದು ಎಷ್ಟು ಹೊತ್ತಿನ ಕೆಲಸ?

ಮುತಿಂತಾ