ಎರಡನೇ ಶೆಡ್ಡಿಗೆ ಪಾಕಿಸ್ತಾನ ಎಂದು ಹೆಸರಿಟ್ಟರು

1-12-1975, ಸಂಜೆ ಆರೂವರೆ

ಬೆಳಿಗ್ಗೆ ಏಳಕ್ಕೆ ಮಿಷನ್ ಶುರು, ಐದೂವರೆಗೆ ಬಂದ್. ಹತ್ತಿಯಿಂದ ಕಾಳು ಬಿಡಿಸುವ ಹಂಗಾಮು, ಈ ವರ್ಷದ ಮೊದಲ ದಿನ. ಮಾನ್ವಿ ಕಡೆಯಿಂದ ಗಾಡಿಗಟ್ಟಲೆ ಹತ್ತಿ, ದೇವದುರ್ಗದಿಂದ ಎರಡು ಲಾರಿ. ಮೂಗು, ಕಿವಿ, ರೆಪ್ಪೆ ಎಲ್ಲ ಕಡೆ ಅರಳೆ. ನಲ್ಲಿಯಲ್ಲಿ ನೀರಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡೆ.

ಮಿಷನ್ ಶುರುವಾಗುವ ಮೊದಲು ಎರಡೂ ಶೆಡ್ಡಿನ ಹೆಂಗಸರ ತಲೆ ಕಟ್ಟಿದೆ. ಜಡೆ ಎತ್ತಿ ತುರುಬು, ಮೇಲೆ ಬಟ್ಟೆ, ಹಿಂದೆ ಗಂಟು. ಹೋದ ವರ್ಷ ಮಗಳು ಹಂಪಿ ಸತ್ತ ಮೇಲೆ ಹಿಡಿದ ಕೆಲಸ. ಯಾರೂ ಹೇಳಿದ್ದಲ್ಲ, ಯಾರೂ ಬೇಡ ಅಂದಿಲ್ಲ. ತಾವೇ ಕಟ್ಟಿಕೊಂಡರೆ ಮಧ್ಯಾಹ್ನಕ್ಕೆ ಸಡಿಲ. ನನ್ನ ಗಂಟು ಬಿಚ್ಚುವುದಿಲ್ಲ.

ಎರಡನೇ ಶೆಡ್ಡಿನ ವಾಹಿದಾಳದು ದಟ್ಟ ಕೂದಲು. ಒಂದು ಬಟ್ಟೆ ಸಾಲದು, ಎರಡು ಬೇಕು.

ಅವತ್ತು ಹಂಪಿಯ ಜಡೆಯನ್ನು ಬೆಲ್ಟು ತಿರುಗಿಸುವ ಶಾಫ್ಟಿನಿಂದ ಬಿಡಿಸಿದವಳು ವಾಹಿದಾ. ನನ್ನನ್ನು ಹತ್ತಿರ ಬಿಡಲಿಲ್ಲ. ಮಗಳ ಜಡೆ ಹೆಣೆದವಳು ನಾನು. ಬೆಲ್ಟು ಒಂದು ಸಲ ಎಳೆಯಿತು, ಅಷ್ಟೆ. ಕೆಳಗೆ ಬಿದ್ದದ್ದು —

ಇಂದು ಬಟ್ಟೆ ಸಾಲಲಿಲ್ಲ. ಹಂಪಿಯ ಹಳೆ ಲಂಗ ಹರಿದೆ.

8-12-1975, ಸಂಜೆ

ಮ್ಯಾನೇಜರ್ ಶರಣಯ್ಯನವರು ಅರಳೆ ಒತ್ತಿ ಕಟ್ಟಿದ ಬೇಲಿನ ಮೇಲೆ ನಿಂತು ಪೇಪರು ಓದಿದರು. ನೆರೆಯ ದೇಶಗಳಲ್ಲಿ ಕಾರ್ಖಾನೆಗಳ ಉತ್ಪಾದನೆ ಹೇಗೆ ಏರಿದೆ, ಹೇಗೆ ಇಳಿದಿದೆ ಎಂದು. ರೇಡಿಯೊ ಹಚ್ಚಿದರೂ ಈಗ ಅದೇ ಮಾತು. ಉತ್ಪಾದನೆ, ಶಿಸ್ತು, ಉತ್ಪಾದನೆ.

"ಭಾರತ, ಪಾಕಿಸ್ತಾನ, ಲಂಕಾ ಎಲ್ಲಾ ಒಂದ ಸಾಲಿನ್ಯಾಗ ಇಟ್ಟು ಬರದಾರ ನೋಡ್ರಿ. ಹೋದ ವರ್ಷಕ್ಕೂ ಈ ವರ್ಷಕ್ಕೂ ಶೇಕಡಾ ಎಷ್ಟು ಫರಕು ಅಂತ. ನಮ್ಮ ಮಿಲ್ಲಿನ್ಯಾಗೂ ಹಂಗ ಮಾಡೋಣ. ಒಂದನೇ ಶೆಡ್ಡು ಭಾರತ. ಎರಡನೇದು ಪಾಕಿಸ್ತಾನ. ಗೆದ್ದ ಶೆಡ್ಡಿನವ್ರಿಗೆ ಜನವರಿ ಇಪ್ಪತ್ತಾರಕ್ಕ ಸೀರಿ, ದೋತರ."

"ಬೇಲು ಒತ್ತೋ ಪ್ರೆಸ್ಸಿನ ಮನಿ ಏನ್ರಿ?" ಯಾರೋ ಕೂಗಿದರು.

"ಅದು ಲಂಕಾ. ಯಾವಾಗ ನೋಡಿದ್ರೂ ಸುಡತದ."

ಎಲ್ಲರೂ ನಕ್ಕರು. ನಮ್ಮ ಶೆಡ್ಡಿನ ಅನ್ವರಿ ಬೇಗಂ ಎರಡನೇ ಶೆಡ್ಡಿಗೆ ಹತ್ತಿ ಹೊರುವ ಯಮನೂರಪ್ಪನ ಮುಂದೆ ಹೋಗಿ ನಿಂತಳು. "ನೋಡೋ ಯಮನೂರಾ, ನಾ ಭಾರತದಾಕಿ, ನೀ ಪಾಕಿಸ್ತಾನದಾಂವ!" ಅವನು ಕೈ ಮುಗಿದ. "ಹಂಗಾರ ಸಂಜೀಕ ಬುತ್ತಿ ಕೊಡ್ರಿ ಭಾರತದವ್ವಾ, ನಮ್ಮ ದೇಶದಾಗ ರೊಟ್ಟಿ ತೀರ್ಯಾವ."

ವಾಹಿದಾಳೂ ನಕ್ಕಳು. "ಛಲೋ ಆತಕ್ಕ. ರೈಲಿಲ್ಲ, ಬಸ್ಸಿಲ್ಲ, ನಿಂತಲ್ಲೇ ಪಾಕಿಸ್ತಾನ ಬಂತು."

ಅವಳ ಶೆಡ್ಡಿನಲ್ಲಿ ಅವರ ಜಾತಿಯವರು ಅವಳು ಮತ್ತು ಅವಳ ತಾಯಿಯ ಊರಿನ ಇನ್ನೊಬ್ಬಳು. ಉಳಿದವರೆಲ್ಲ ನಮ್ಮವರೇ, ಅರಕೇರಾ, ಮಸರಕಲ್, ಯಾಪಲದಿನ್ನಿ ಕಡೆಯವರು.

ಏಳನೇ ಇಯತ್ತೆ ಓದಿದವಳೆಂದು ಬೋರ್ಡು ಬರೆಯುವ ಕೆಲಸ ನನಗೆ.

15-12-1975

ಮೊದಲ ಬೋರ್ಡು. ಹೋದ ವಾರ ನಮ್ಮ ಶೆಡ್ಡಿನದು ಅರವತ್ತು ಬೇಲು, ಈ ವಾರ ಅರವತ್ತಾರು. ಎರಡನೇ ಶೆಡ್ಡಿನಲ್ಲಿ ಮಿಷನ್ನೇ ಕಡಿಮೆ. ಇಪ್ಪತ್ತು ಇದ್ದದ್ದು ಇಪ್ಪತ್ತೈದು ಆಗಿದೆ. ಬೇಲಿನ ಲೆಕ್ಕವನ್ನೂ ಬರೆಯಲು ಹೋದೆ. ಶರಣಯ್ಯನವರು ಒರೆಸಿದರು.

"ಪೇಪರಿನ್ಯಾಗ ಹ್ಯಾಂಗದ ಹಂಗ ಬರಿಬೇ. ಬರೇ ಶೇಕಡಾ."

ಬರೆದೆ. ಭಾರತ 10. ಪಾಕಿಸ್ತಾನ 25.

ಚಾ ಹೊತ್ತಿಗೆ ಬೋರ್ಡಿನ ಮುಂದೆ ಗುಂಪು. ಯಾರೂ ನಗಲಿಲ್ಲ.

16-12-1975, ಮಧ್ಯಾಹ್ನ

ಕೆನ್ನೆ ಊದಿದೆ. ಎಡಗಡೆ ಅಗಿಯಲು ಬರುವುದಿಲ್ಲ.

ನಮ್ಮ ಶೆಡ್ಡಿನ ಜಮಾದಾರ ಯಂಕಣ್ಣ ಹೊಡೆದ. ಬೋರ್ಡಿನ ಮುಂದೆ, ಎಲ್ಲರೆದುರು.

"ಏನ ಬರದೀಬೇ? ನಾವು ಹತ್ತು, ಅವ್ರು ಇಪ್ಪತ್ತೈದೇನು?"

"ಬೇಲು ನಮ್ಮವ ಹೆಚ್ಚದಾವ ಯಂಕಣ್ಣ. ಅವ್ರದು ಸಣ್ಣ ಶೆಡ್ಡು. ಐದು ಏರಿದ್ರೂ ಶೇಕಡಾ ದೊಡ್ಡದಾಗಿ ಕಾಣತದ."

"ಮಂದಿ ಏನ ನೋಡ್ತಾರ? ಬೋರ್ಡಿನ್ಯಾಗ ಯಾವುದು ದೊಡ್ಡದದ ಅದನ್ನ ನೋಡ್ತಾರ."

ಇನ್ನೊಂದು ಬಿತ್ತು. ಹಲ್ಲಿಗೆ ತುಟಿ ಸಿಕ್ಕಿ ರಕ್ತ. ನನ್ನ ಶೆಡ್ಡಿನವರು ತಮ್ಮ ತಮ್ಮ ಮಿಷನ್ನಿಗೆ ತಿರುಗಿ ಹೋದರು. ಹೋದ ವರ್ಷ ಹಂಪಿಯ ಹೆಣಕ್ಕೆ ಹೆಗಲು ಕೊಟ್ಟವನು ಇದೇ ಯಂಕಣ್ಣ.

22-12-1975

ಎರಡು ಶೆಡ್ಡಿನ ಮುಂದಿನ ಅಂಗಳದ ನಡುವೆ ಹಗ್ಗ ಕಟ್ಟಿದ್ದಾರೆ. ಬೇಲು ಬಿಗಿಯುವ ಹಗ್ಗ. ನಮ್ಮ ಕಡೆ ನಲ್ಲಿ, ಅವರ ಕಡೆ ಬೇವಿನ ಗಿಡದ ನೆರಳು. ಈಗ ಅವರಿಗೆ ನೀರಿಲ್ಲ, ನಮಗೆ ನೆರಳಿಲ್ಲ.

ಬೆಳಿಗ್ಗೆ ಬಟ್ಟೆಯ ಗಂಟು ಹಿಡಿದು ಹಗ್ಗದ ಕೆಳಗೆ ಬಗ್ಗಿದೆ. ಯಂಕಣ್ಣ ಹಿಂದಿನಿಂದ ತಲೆಬಟ್ಟೆ ಹಿಡಿದು ಎಳೆದ. ಕೆಳಗೆ ಬಿದ್ದೆ.

"ಪಾಕಿಸ್ತಾನದವ್ರ ತಲಿ ಅವ್ರ ಕಟ್ಕೋತಾರ. ಹತ್ತು ನಿಮಿಷ ನಿನ್ನ ಮಿಷನ್ ಖಾಲಿ ಇರತದ."

ಶರಣಯ್ಯನವರಿಗೆ ಹೇಳಿದೆ. ಬೆಲ್ಟಿಗೆ ಜಾಲರಿಯನ್ನಾದರೂ ಹಾಕಿಸಿರಿ ಅಂದೆ. ಅವರು ತಲೆ ಎತ್ತಲಿಲ್ಲ.

"ಜಾಲರಿ ಹಾಕಬೇಕಂದ್ರ ಎರಡು ದಿನ ಮಿಷನ್ ನಿಂದ್ರಿಸಬೇಕು. ಮಂದಿಗೆ ಈಗ ಹುರುಪು ಬಂದದ. ಎರಡೂ ಶೆಡ್ಡಿನ ಮಾಲು ಏರಾಕತ್ತದ. ಹಗ್ಗ ಒಂದು ಇದ್ರ ಇರ್ಲಿ ಬಿಡಬೇ."

24-12-1975

ನಿನ್ನೆ ವಾಹಿದಾ ಹಗ್ಗದ ತನಕ ಬಂದು ತಲೆ ಬಗ್ಗಿಸಿದಳು. ನಾನು ಈ ಕಡೆ ನಿಂತು ಕಟ್ಟಿದೆ. ನಾನೇನೂ ದಾಟಲಿಲ್ಲ. ಎರಡನೇ ಬಟ್ಟೆಗೆ ಗಂಟು ಹಾಕುವಾಗ ಬೆನ್ನಿಗೆ ಬಿತ್ತು. ಯಂಕಣ್ಣನ ಕೈಯಲ್ಲಿ ಒದ್ದೆ ಹಗ್ಗ. ಎಷ್ಟು ಸಲ ಅಂತ ಎಣಿಸಲಿಲ್ಲ. ಗಂಟು ಮುಗಿಸಿದೆ.

ಇಂದು ಅವಳು ಬರಲಿಲ್ಲ. ದೂರದಿಂದಲೇ ಕೂಗಿದಳು.

"ನಾನ ಕಟ್ಕೊಂಡೀನಿ ಗೋಪಕ್ಕ. ಬರಬ್ಯಾಡ. ನಿನ್ನ ಬೆನ್ನು ನನ್ನ ಕೈಲೆ ನೋಡಾಕ ಆಗಂಗಿಲ್ಲ."

ಅವಳು ಕಟ್ಟಿಕೊಂಡದ್ದು ಇಲ್ಲಿಂದಲೇ ಕಾಣುತ್ತಿತ್ತು. ಒಂದೇ ಬಟ್ಟೆ. ಕಿವಿಯ ಹಿಂದೆ ಕೂದಲು ಹೊರಗೆ.

30-12-1975, ಸಂಜೆ ಏಳು

ನಿನ್ನೆಯ ಬೋರ್ಡಿನಲ್ಲಿ ಮತ್ತೆ ಅವರದೇ ದೊಡ್ಡದು. ಇಂದು ಮಧ್ಯಾಹ್ನ ಯಮನೂರಪ್ಪ ಕೊಡ ಹಿಡಿದು ನಲ್ಲಿಗೆ ಬಂದ. ಹಗ್ಗ ದಾಟಿದ. ನಮ್ಮ ಶೆಡ್ಡಿನ ಗಂಡಸರು ಕೊಡ ಕಿತ್ತು ಅವನ ತಲೆಗೇ ಕುಕ್ಕಿದರು. ಹತ್ತಿಕಾಳಿನ ರಾಶಿಯ ಮೇಲೆ ಕೆಡವಿದರು. ಬಾಯಲ್ಲಿ ಕಾಳು ತುಂಬಿದರು. ಅವನು ಉಗುಳಿ ಉಗುಳಿ ಕೂಗಿದ.

"ನಾನು ಅರಕೇರಾದಾಂವ್ರೋ! ಯಂಕಣ್ಣ, ನಿನ್ನ ಷಡ್ಡಕನ ಊರಿನಾಂವೋ!"

"ಅರಕೇರಾ ಯಾವಾಗ ಪಾಕಿಸ್ತಾನಕ್ಕ ಹೋತಲೇ?" ಒಬ್ಬ ನಕ್ಕ.

ಯಂಕಣ್ಣ ಅವನ ಬಲಗೈಯನ್ನು ಕಲ್ಲಿನ ಮೇಲಿಟ್ಟು ಕಬ್ಬಿಣದ ಸಲಾಕಿಯಿಂದ ಹೊಡೆದ. ಮೂಳೆ ಮುರಿದ ಸದ್ದು ಮಿಷನ್ನಿನ ಸದ್ದಿನಲ್ಲೂ ಕೇಳಿಸಿತು. ಅನ್ವರಿ ಅಡ್ಡ ಬಿದ್ದಳು. ಅವಳ ಹೊಟ್ಟೆಗೆ ಒದ್ದರು. ಮೂರು ವಾರದ ಹಿಂದೆ ಇವಳೇ ಭಾರತ, ಅವನೇ ಪಾಕಿಸ್ತಾನ ಎಂದು ನಕ್ಕಿದ್ದರು.

ಶರಣಯ್ಯನವರು ಗೇಟು ಹಾಕಿಸಿದರು. ಹೊರಗೆ ಮಾತು ಹೋದರೆ ಮಿಲ್ಲಿಗೇ ಬೀಗ ಬೀಳುತ್ತದೆ, ಎಲ್ಲರೂ ಉಪವಾಸ ಅಂದರು. ಯಮನೂರಪ್ಪನನ್ನು ಹತ್ತಿ ತಂದ ಗಾಡಿಯಲ್ಲೇ ಮಲಗಿಸಿ ಊರಿಗೆ ಕಳಿಸಿದರು.

11-1-1976

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇಲ್ಲ ಅಂತಲ್ಲ.

ಯಮನೂರಪ್ಪನ ಕೈ ಕೂಡುವುದಿಲ್ಲವಂತೆ. ಈಗ ಎರಡನೇ ಶೆಡ್ಡಿನ ಹೆಂಗಸರೇ ಹತ್ತಿ ಹೊತ್ತು ತಂದು ಹಾಕಬೇಕು. ಓಡಾಟ ಹೆಚ್ಚು. ಯಂಕಣ್ಣ ಇಂಜಿನ್ನಿನವನನ್ನು ಹೆದರಿಸಿ ವೇಗ ಏರಿಸಿದ್ದಾನೆ. ಎರಡೂ ಶೆಡ್ಡಿಗೆ ಒಂದೇ ಇಂಜಿನ್, ಗೋಡೆ ಕೊರೆದು ಹಾಯಿಸಿದ ಒಂದೇ ಶಾಫ್ಟು. ನಮ್ಮದು ಓಡಿದಷ್ಟು ಅವರದೂ ಓಡುತ್ತದೆ. ಇದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ಹಟವೋ.

ವಾಹಿದಾಳ ಕೂದಲು ಮಧ್ಯಾಹ್ನಕ್ಕೆ ಬಿಚ್ಚಿರುತ್ತದೆ. ಕೈಯಲ್ಲಿ ಹತ್ತಿ. ಭುಜದಿಂದ ಹಿಂದಕ್ಕೆ ತಳ್ಳುತ್ತಾಳೆ. ಹಂಪಿಯೂ ಹಾಗೇ ತಳ್ಳುತ್ತಿದ್ದಳು.

ಕೂಗಿ ಹೇಳಿದರೆ ಕೇಳುವುದಿಲ್ಲ, ಅಷ್ಟು ಸದ್ದು. ಕೈ ಮಾಡಿ ತಲೆ ತೋರಿಸಿದೆ. ನಕ್ಕು, ಆಯ್ತು ಎಂಬಂತೆ ಕೈ ಆಡಿಸಿದಳು.

21-1-1976

ಬಲಗೈ ಬರುವುದಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಮೂರು ಗಂಟೆಯ ಹೊತ್ತು. ಬೆಲ್ಟಿನ ಸದ್ದು ಬದಲಾಯಿತು. ಪಟ ಪಟ ಅನ್ನುವುದು ಒಮ್ಮೆ ನುಂಗಿದ ಹಾಗೆ. ನಾನು ಆ ಸದ್ದು ಬಲ್ಲೆ. ಕೈಯಲ್ಲಿದ್ದ ಹತ್ತಿ ಬಿಟ್ಟು ಓಡಿದೆ. ಹಗ್ಗ ಎದೆಗೆ ಬಡಿಯಿತು. ಕೆಳಗೆ ನುಸುಳಿದೆ.

ವಾಹಿದಾ ಎರಡೂ ಕೈಯಲ್ಲಿ ಮಿಷನ್ನಿನ ಕಾಲು ಹಿಡಿದುಕೊಂಡಿದ್ದಳು. ತಲೆ ಮೇಲಕ್ಕೆ ಹೋಗುತ್ತಿತ್ತು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಇಂಜಿನ್ ಕೋಣೆಗೆ ನುಗ್ಗಿ ಸಲಾಕಿ ತೆಗೆದುಕೊಂಡು ದೊಡ್ಡ ಬೆಲ್ಟಿನ ಅಂಚಿಗೆ ಹಾಕಿ ಒದ್ದೆ. ಬೆಲ್ಟು ಗಾಲಿಯಿಂದ ಹಾರಿತು. ಹಾರುವಾಗ ನನ್ನ ಬಲ ಮುಂಗೈಗೆ ಬಡಿದು ಮೂಳೆ ಮುರಿಯಿತು.

ಶಾಫ್ಟು ನಿಂತಿತು. ಎರಡೂ ಶೆಡ್ಡು ನಿಂತವು. ಅಷ್ಟು ಮೌನ ಆ ಮಿಲ್ಲಿನಲ್ಲಿ ನಾನು ಕೇಳಿರಲಿಲ್ಲ.

ಶಾಫ್ಟಿನಿಂದ ಕೂದಲು ಬಿಡಿಸಿದೆ. ಈ ಸಲ ನಾನು. ಎಡಗಡೆ ಹಣೆಯಿಂದ ನೆತ್ತಿಯವರೆಗೆ ಚರ್ಮ ಕೂದಲಿನ ಜೊತೆಗೇ ಬಂದಿತ್ತು. ಉಸಿರು ಇತ್ತು. "ಅಕ್ಕ, ಹೋತಾ?" ಅಂದಳು. ಕೂದಲೋ ಜೀವವೋ ಕೇಳಲಿಲ್ಲ. ಇಲ್ಲ ಅಂದೆ.

ಅಷ್ಟರಲ್ಲಿ ಯಂಕಣ್ಣ ಬಂದ. "ನಮ್ಮ ಶೆಡ್ಡು ಯಾಕ ನಿಂದ್ರಿಸಿದಿಬೇ ರಂಡೇ? ನಾಕು ದಿನ ಉಳದದ!" ಮುರಿದ ಕೈಯ ಮೇಲೆಯೇ ಒದ್ದ. ವಾಹಿದಾಳ ತಲೆ ನನ್ನ ತೊಡೆಯ ಮೇಲಿತ್ತು. ಮೇಲೇಳಲಿಲ್ಲ. ಒದೆಯುತ್ತಲೇ ಇದ್ದ. ಅನ್ವರಿ, ನಮ್ಮ ಶೆಡ್ಡಿನ ಮತ್ತಿಬ್ಬರು ಹೆಂಗಸರು ಹಗ್ಗ ದಾಟಿ ಬಂದು ಅವನನ್ನು ಎಳೆದರು. ಅವನ ಧೋತರಕ್ಕೆಲ್ಲ ರಕ್ತ. ಅವನದಲ್ಲ.

24-1-1976

ದವಾಖಾನೆಗೆ ಹೋಗಿದ್ದೆ. ಬದುಕುತ್ತಾಳೆ ಅಂದರು. ತಲೆಗೆಲ್ಲ ಪಟ್ಟಿ. ತಾಯಿ ಬಡೇಬೀ ಪಕ್ಕದಲ್ಲಿ ಕೂತಿದ್ದಳು.

ವಾಹಿದಾ ಕಣ್ಣು ತೆರೆಯದೆ ಅಂದಳು, "ಎಷ್ಟು ಛಂದ ಕಟ್ಯಾರ ನೋಡಕ್ಕ. ನಿನ್ನ ಗಂಟಿಗಿಂತ ಬಿಗಿ."

ನಗಲು ಹೋಗಿ ಅತ್ತೆ. ಹಂಪಿ ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

25-1-1976

ಕಡೆಯ ಬೋರ್ಡು, ಗೆಲುವು ಇದರ ಮೇಲೆ. ಎಡಗೈಯಲ್ಲಿ ಬರೆದೆ. ಎರಡನೇ ಶೆಡ್ಡಿನದು ಇಪ್ಪತ್ತನಾಲ್ಕರಿಂದ ಹನ್ನೆರಡಕ್ಕೆ ಬಂದಿದೆ. ಶೇಕಡಾ ಐವತ್ತು ಇಳಿಕೆ. ನಮ್ಮದು ಒಂದು ಬೇಲು ಮಾತ್ರ ಏರಿದೆ. ಯಾಕೆ ಇಳಿಯಿತು ಎಂದು ಬರೆಯಲು ಬೋರ್ಡಿನಲ್ಲಿ ಜಾಗವಿತ್ತು. ಬರೆದೆ. "ವಾಹಿದಾಳ ತಲೆ. ಯಮನೂರಪ್ಪನ ಕೈ." ಶರಣಯ್ಯನವರು ತಾವೇ ಬಂದು ಆ ಸಾಲು ಒರೆಸಿದರು. ಸೀಮೆಸುಣ್ಣ ಹತ್ತಿದ ಕೈಯನ್ನು ಅಂಗಿಗೆ ತಿಕ್ಕಿಕೊಂಡರು.

26-1-1976, ಮಧ್ಯಾಹ್ನ ಎರಡು

ಬೆಳಿಗ್ಗೆ ಧ್ವಜ. ಆಮೇಲೆ ಸೀರೆ ಹಂಚಿದರು. ಭಾರತ ಗೆದ್ದಿತು ಎಂದು ಯಂಕಣ್ಣನ ಕೊರಳಿಗೆ ಹಾರ. ಎರಡನೇ ಶೆಡ್ಡಿನವರು ಹಗ್ಗದ ಆಚೆ ನಿಂತು ಚಪ್ಪಾಳೆ ತಟ್ಟಿದರು. ತಟ್ಟಿರೆಂದು ಹೇಳಿದ್ದರು.

ನನಗೂ ಒಂದು ಸೀರೆ ಬಂತು. ಹಸಿರು, ಕೆಂಪು ಅಂಚು. ಗಟ್ಟಿ ನೂಲು.

ಬಡೇಬೀ ಹೊರಗೆ ಕಾದಿದ್ದಳು. ದವಾಖಾನೆಯ ಖರ್ಚಿಗೆ ಬೇರೆ ದಾರಿಯಿಲ್ಲ, ನಾಳೆಯಿಂದ ಮಗಳ ಮಿಷನ್ನಿಗೆ ತಾನೇ ನಿಲ್ಲುತ್ತಾಳಂತೆ. ಮುದುಕಿ. ಕೂದಲು ಬೆಳ್ಳಗಾಗಿದೆ, ಆದರೆ ಮಗಳಿಗಿಂತ ಉದ್ದ. ಸೊಂಟ ದಾಟುತ್ತದೆ.

"ಯವ್ವಾ, ನಿನ್ನ ತಲಿ ನಾ ಕಟ್ತೀನಿ," ಅಂದೆ.

"ಹಗ್ಗ ಕಟ್ಯಾರಲ್ಲ ಬೇಟಿ."

"ಇರ್ಲಿ."

ಯಂಕಣ್ಣ ಹಾರ ಹಾಕಿಕೊಂಡೇ ಹತ್ತಿರ ಬಂದಿದ್ದ. "ಇನ್ನೊಮ್ಮೆ ದಾಟಿದ್ರ ನಿನ್ನ ಹಿಡದು ಅದ ಬೆಲ್ಟಿಗೆ ಹಾಕ್ತೀನಿ. ಮಗಳ ಹಿಂದ ಹೋಗಾಕಿ ನೀನು." ಮೆಲ್ಲಗೆ ಹೇಳಿದ. ಅನ್ವರಿಗೂ ಕೇಳಿಸಿತು. ಅವಳು ತನ್ನ ಸೀರೆಯನ್ನೂ ನನ್ನ ಕೈಗೆ ಕೊಟ್ಟಳು.

ಕೋಣೆಯ ಬಾಗಿಲು ಹಾಕಿಕೊಂಡು ಎರಡೂ ಸೀರೆ ಹರಿದೆ. ಒಂದು ತುದಿ ಹಲ್ಲಿನಲ್ಲಿ ಹಿಡಿದು, ಎಡಗೈಯಲ್ಲಿ. ಅಂಚು ಬೇಗ ಹರಿಯುವುದಿಲ್ಲ. ಎರಡನೇ ಶೆಡ್ಡಿನ ಎಲ್ಲರಿಗೂ ಆಗುತ್ತದೆ. ಬಡೇಬೀಗೆ ಎರಡು ಬಟ್ಟೆ ಬೇರೆ ಇಟ್ಟಿದ್ದೇನೆ. ಒಂದೇ ಕೈಯಲ್ಲಿ ಗಂಟು ಬರುವುದಿಲ್ಲ. ಇನ್ನೊಂದು ತುದಿ ಹಿಡಿಯಲು ಅನ್ವರಿ ಬರುತ್ತೇನೆ ಅಂದಿದ್ದಾಳೆ.

ನಾಳೆ ಏಳಕ್ಕೆ ಮಿಷನ್ ಶುರು.